ಮನೆಯಲ್ಲಿ ಕಟ್ಟುವ ವಿಮಾನ: ಮಿತವ್ಯಯದ ಒಂದು ಲೆಕ್ಕ

ವೆಚ್ಚ ನಿಯಂತ್ರಣದ ಪಾಠಕ್ಕಾಗಿ ವಿಮಾನ ನಿರ್ಮಾಣದತ್ತ ನೋಡುವವರು ವಿರಳ. ಆದರೆ ಅಮೆರಿಕದ ಕರ್ಟಿಸ್ ಪಿಟ್ಸ್ ಅವರು ರೂಪಿಸಿ, 1944ರಲ್ಲಿ ಮೊದಲು ಹಾರಿದ ‘ಪಿಟ್ಸ್ ಸ್ಪೆಷಲ್’ ಎಂಬ ಜೋಡಿರೆಕ್ಕೆಯ ಪುಟ್ಟ ವಿಮಾನವು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಈ ಮಾದರಿಯ ‘ಲಿಟಲ್ ಸ್ಟಿಂಕರ್’ ವಿಮಾನದ ಎಂಜಿನ್ನು ಕೇವಲ 85 ಅಶ್ವಶಕ್ತಿಯದು. ಇದನ್ನು ನಡೆಸಿಯೇ ಬೆಟ್ಟಿ ಸ್ಕೆಲ್ಟನ್ ಅವರು 1949 ಮತ್ತು 1950ರ ಮಹಿಳಾ ವೈಮಾನಿಕ ಕಸರತ್ತಿನ ಸ್ಪರ್ಧೆಗಳಲ್ಲಿ ಜಯಗಳಿಸಿದರು.

ಈ ಮಿತವ್ಯಯದ ಮೂಲ ತೂಕದಲ್ಲಿದೆ. ಒಂದರ ಮೇಲೊಂದು ಇರುವ ಎರಡು ರೆಕ್ಕೆಗಳನ್ನು ತಂತಿಗಳಿಂದ ಬಿಗಿದಾಗ ಅವು ಗಿಡ್ಡವಾಗಿಯೂ ಹಗುರವಾಗಿಯೂ ಇದ್ದು, ಕಸರತ್ತಿನ ಒತ್ತಡವನ್ನು ತಾಳುತ್ತವೆ. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಒಡಲು, ಮರದ ರೆಕ್ಕೆ, ಬಟ್ಟೆಯ ಹೊದಿಕೆ: ಇವಕ್ಕೆ ದುಬಾರಿ ಅಚ್ಚುಗಳಾಗಲಿ, ಭಾರೀ ಯಂತ್ರಗಳಾಗಲಿ ಬೇಕಿಲ್ಲ. ತೂಕ ಕಡಿಮೆಯಾದರೆ ಎಂಜಿನ್ನು ಚಿಕ್ಕದು, ಇಂಧನವೂ ಕಡಿಮೆ. ಹೀಗೆ ಒಂದು ಉಳಿತಾಯವು ಇನ್ನೊಂದಕ್ಕೆ ದಾರಿಯಾಗುತ್ತದೆ. ಅಲ್ಪಶಕ್ತಿಯ ಎಂಜಿನ್ನಿಗೆ ಮಿತಿಯೂ ಉಂಟು. ಮೇಲೇರುವ ವೇಗ ಕಡಿಮೆಯಾದ್ದರಿಂದ ಚಾಲಕನು ಮೊದಲು ಎತ್ತರ ಗಳಿಸಿ, ಕಸರತ್ತಿನಲ್ಲಿ ಅದನ್ನು ವ್ಯಯಿಸಬೇಕಾಗುತ್ತದೆ. ಎತ್ತರವೇ ಇಲ್ಲಿ ದುಡಿಯುವ ಬಂಡವಾಳ.

1960ರ ದಶಕದಲ್ಲಿ ಪಿಟ್ಸ್ ಅವರು ನಕ್ಷೆಗಳನ್ನೇ ಮಾರಾಟಕ್ಕಿಟ್ಟರು. ಕೊಂಡವರು ತಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ವಿಮಾನ ಕಟ್ಟಿಕೊಳ್ಳಬಹುದಾಗಿತ್ತು. ಇಲ್ಲಿ ಎಚ್ಚರ ಅಗತ್ಯ. ಕಾರ್ಖಾನೆಯ ಕೂಲಿ ತಪ್ಪಿದರೂ ಶ್ರಮ ತಪ್ಪುವುದಿಲ್ಲ. ಅದು ತಯಾರಕನ ಲೆಕ್ಕದಿಂದ ಗ್ರಾಹಕನ ಲೆಕ್ಕಕ್ಕೆ ವರ್ಗವಾಗುತ್ತದೆ, ಅಷ್ಟೆ. ವರ್ಷಗಟ್ಟಲೆ ಸಂಜೆಗಳನ್ನು ವಿನಿಯೋಗಿಸುವವನು ಆ ಶ್ರಮಕ್ಕೆ ಬೆಲೆ ಕಟ್ಟದಿದ್ದರೆ ವಿಮಾನವು ಅಗ್ಗವೆಂದು ಭಾವಿಸುವುದು ಸಹಜ.

ಅಮೆರಿಕದ ನಿಯಮದಂತೆ, ಹವ್ಯಾಸಿ ನಿರ್ಮಿತವೆಂಬ ಮಾನ್ಯತೆ ಪಡೆಯಲು ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಸ್ವಂತ ಕಲಿಕೆ ಅಥವಾ ಮನರಂಜನೆಗಾಗಿ ನಿರ್ಮಿಸಿರಬೇಕು. ಬಾಡಿಗೆಗೆ ಜನರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ. ಆರಂಭದಲ್ಲಿ ನಿಗದಿತ ಪ್ರದೇಶದೊಳಗೆ ಪರೀಕ್ಷಾ ಹಾರಾಟಗಳನ್ನು ಪೂರೈಸಬೇಕು. ಆದ್ದರಿಂದ ಈ ಹೂಡಿಕೆಯಿಂದ ಸಾಗಣೆಯ ಆದಾಯವನ್ನು ನಿರೀಕ್ಷಿಸುವಂತಿಲ್ಲ.

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಯಾವುದೇ ಯೋಜನೆಯ ಅಂದಾಜುಪಟ್ಟಿ ಸಿದ್ಧಪಡಿಸುವಾಗ ವೆಚ್ಚವನ್ನು ಮೂರು ಬಗೆಯಾಗಿ ವಿಂಗಡಿಸುವುದು ಒಳಿತು: ಉತ್ತಮ ವಿನ್ಯಾಸದಿಂದ ನಿಜವಾಗಿಯೂ ಇಲ್ಲವಾದ ವೆಚ್ಚ, ಮತ್ತೊಬ್ಬರ ಹೆಗಲಿಗೆ ದಾಟಿದ ವೆಚ್ಚ, ಎಂದಿಗೂ ಕಡಿತಗೊಳಿಸಬಾರದ ವೆಚ್ಚ. ಬೆಸುಗೆಯ ಗುಣಮಟ್ಟ ಹಾಗೂ ಪರೀಕ್ಷೆಯ ಖರ್ಚು ಮೂರನೆಯ ಬಗೆಗೆ ಸೇರಿದ್ದು. ಅದರಲ್ಲಿ ಉಳಿಸಿದ ಹಣಕ್ಕೆ ವಿಮಾನದಲ್ಲಿ ತೆರಬೇಕಾದ ಬೆಲೆ ಪ್ರಾಣ.