ಯಂತ್ರ ಎಲ್ಲೋ, ಕಿಟಕಿ ಇಲ್ಲಿ

ಪ್ರೋಗ್ರಾಂ ಓಡುವುದು ಒಂದು ಕಂಪ್ಯೂಟರಿನಲ್ಲಿ, ಅದರ ಕಿಟಕಿ ತೆರೆದುಕೊಳ್ಳುವುದು ಇನ್ನೊಂದರ ಪರದೆಯ ಮೇಲೆ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಕೈಹಾಕಿದ ಎಕ್ಸ್ ವಿಂಡೋ ಸಿಸ್ಟಂ ಇದನ್ನು ದಿನಬಳಕೆಯ ಸಂಗತಿಯಾಗಿಸಿತು. ಅಲ್ಲಿನ ಪ್ರಾಜೆಕ್ಟ್ ಅಥೀನಾ ಎಂಬ ಕಂಪ್ಯೂಟರ್ ಯೋಜನೆಗೆ ಯಂತ್ರಗಳನ್ನು ಕೊಟ್ಟಿದ್ದವರು ಡಿಇಸಿ ಮತ್ತು ಐಬಿಎಂ. ಕಂಪನಿಗೊಂದು ಬಗೆಯ ಯಂತ್ರ, ಯಂತ್ರಕ್ಕೊಂದು ಬಗೆಯ ಪರದೆ. ಒಂದೊಂದಕ್ಕೂ ಬೇರೆ ಪ್ರೋಗ್ರಾಂ ಬರೆಯುತ್ತ ಕೂರುವುದು ಆಗದ ಮಾತು.

ಪರಿಹಾರ ಸಿಕ್ಕಿದ್ದು ಸಂದೇಶಗಳ ಒಪ್ಪಂದದಲ್ಲಿ. ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವುದು ಸರ್ವರ್. ಗೆರೆ ಎಳೆ, ಅಕ್ಷರ ಬರೆ ಎಂದು ಕೇಳುವುದು ಕ್ಲೈಂಟ್, ಅಂದರೆ ಪ್ರೋಗ್ರಾಂ. 1987ರಲ್ಲಿ ಬಂದ 11ನೇ ಆವೃತ್ತಿಯಲ್ಲಿ ಕ್ಲೈಂಟ್ ಕಳಿಸುವ ಮೊದಲ ಬೈಟೇ ತನ್ನ ಯಂತ್ರ ಅಂಕಿಗಳನ್ನು ಯಾವ ಕ್ರಮದಲ್ಲಿ ಬರೆಯುತ್ತದೆಂದು ಹೇಳಿಬಿಡುತ್ತದೆ. ಅದಕ್ಕೆ ಹೊಂದಿಕೊಳ್ಳುವ ಹೊಣೆ ಸರ್ವರ್‌ನದು.

ಅಳತೆಯ ತೊಡಕು

ಯಂತ್ರಭೇದ ನೀಗಿತು, ಅಳತೆಯ ಭೇದ ಉಳಿಯಿತು. ಎಕ್ಸ್ ಎಲ್ಲವನ್ನೂ ಪಿಕ್ಸೆಲ್‌ಗಳಲ್ಲಿ ಎಣಿಸಿತು. ಆಗಿನ ನಿಧಾನದ ಯಂತ್ರಗಳಿಗೆ ಅದೇ ಹಗುರ. ಆದರೆ ಪಿಕ್ಸೆಲ್ ಸಾಂದ್ರತೆ ಇಮ್ಮಡಿಯಾದ ಪರದೆಯಲ್ಲಿ ಅದೇ ಗುಂಡಿಯ ಅಗಲ ಅರ್ಧಕ್ಕಿಳಿಯುತ್ತದೆ. ಪರದೆ ಎಷ್ಟು ಮಿಲಿಮೀಟರ್ ಅಗಲವಿದೆ ಎಂದು ಸರ್ವರ್ ಮೊದಲೇ ತಿಳಿಸುತ್ತಿತ್ತು. ಲೆಕ್ಕ ಹಾಕುವ ಕೆಲಸ ಮಾತ್ರ ಪ್ರತಿ ಪ್ರೋಗ್ರಾಮಿನ ತಲೆಗೆ ಬಿತ್ತು. ಸನ್ ಕಂಪನಿಯಲ್ಲಿ ಜೇಮ್ಸ್ ಗೋಸ್ಲಿಂಗ್ ರೂಪಿಸಿದ ನ್ಯೂಸ್ ಎಂಬ ಕಿಟಕಿ ವ್ಯವಸ್ಥೆ, ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಬಲದಿಂದ ಪಿಕ್ಸೆಲ್‌ನ ಹಂಗಿಲ್ಲದೆ ಚಿತ್ರ ಬರೆಯುತ್ತಿತ್ತು. ಆದರೂ ಮೂಲ ಸಂಕೇತದ ಸಮೇತ ಮುಕ್ತವಾಗಿ ಸಿಗುತ್ತಿದ್ದ ಎಕ್ಸ್ ಕಡೆಗೇ ಉದ್ಯಮ ವಾಲಿತು.

ನಮ್ಮ ಒತ್ತಕ್ಷರದ ಪಾಡು

ಎಕ್ಸ್‌ನ ಮೂಲ ಅಕ್ಷರ ವ್ಯವಸ್ಥೆಯಲ್ಲಿ ಒಂದು ಸಂಕೇತಕ್ಕೆ ಒಂದು ಆಕೃತಿ, ಅವು ಸಾಲಾಗಿ ನಿಲ್ಲಬೇಕು. ಇಂಗ್ಲಿಷಿಗೆ ಅದು ಸಾಕು. ‘ಸ್ತ್ರೀ’ ಎಂದು ಬರೆಯಲು ಯುನಿಕೋಡ್‌ನಲ್ಲಿ ಆರು ಸಂಕೇತಗಳು ಬೇಕು. ಅವು ಕೂಡಿ, ಮೇಲೆ ಕೆಳಗೆ ಹರಡಿ ಒಂದೇ ಅಕ್ಷರವಾಗಬೇಕು. ಸರ್ವರ್‌ಗೆ ಆ ವಿದ್ಯೆ ಗೊತ್ತಿರಲಿಲ್ಲ. 2000ದ ಸುಮಾರಿಗೆ ಕೀತ್ ಪ್ಯಾಕರ್ಡ್ ತಂದ ರೆಂಡರ್ ವಿಸ್ತರಣೆ ದಾರಿ ಬದಲಿಸಿತು: ಆಕೃತಿಗಳನ್ನು ಕ್ಲೈಂಟೇ ಸಿದ್ಧಪಡಿಸುತ್ತದೆ, ಸರ್ವರ್ ಅವನ್ನು ನಯವಾಗಿ ಮೂಡಿಸುತ್ತದೆ. ಪ್ಯಾಂಗೊ, ಹಾರ್ಫ್‌ಬಜ್ ತಂತ್ರಾಂಶಗಳು ಒತ್ತಕ್ಷರ ಜೋಡಿಸುವುದನ್ನು ವಹಿಸಿಕೊಂಡವು. ಪ್ಯಾಕರ್ಡ್ ಮತ್ತು ಕಾರ್ಲ್ ವರ್ತ್ ಆರಂಭಿಸಿದ ಕೈರೊ ಎಂಬ ಚಿತ್ರ ತಂತ್ರಾಂಶ, ಒಂದೇ ಚಿತ್ರಾಜ್ಞೆಯಿಂದ ಪರದೆಗೂ ಪಿಡಿಎಫ್‌ಗೂ ಬರೆಯಬಲ್ಲದು.

ಸಾಧನದ ಹಂಗಿಲ್ಲದ ವಿನ್ಯಾಸವೆಂದರೆ ಹೊಣೆಗಳ ಸರಿಯಾದ ಹಂಚಿಕೆ. ಪರದೆಯನ್ನು ಬಲ್ಲ ಸರ್ವರ್ ಬಣ್ಣ ತುಂಬಲಿ, ಭಾಷೆಯನ್ನು ಬಲ್ಲ ತಂತ್ರಾಂಶ ಅಕ್ಷರ ಕಟ್ಟಲಿ. ಮುಂದಿನ ವ್ಯವಸ್ಥೆ ಕಟ್ಟುವವರು ತಮ್ಮ ಮೊದಲ ಪರೀಕ್ಷೆಗೇ ಕನ್ನಡದ ಒಂದು ಸಾಲನ್ನು ಇಟ್ಟುಕೊಳ್ಳಬೇಕು. ಅದನ್ನು ಸರಿಯಾಗಿ ಮೂಡಿಸಬಲ್ಲ ವಿನ್ಯಾಸ ಜಗತ್ತಿನ ಇನ್ನೂ ಅನೇಕ ಲಿಪಿಗಳಿಗೆ ಒದಗುತ್ತದೆ.