ಗೇಮಿಂಗ್ ಪಿಸಿ: ಹಳೇದನ್ನೇ ಸರಿ ಮಾಡೋದಾ, ಹೊಸದು ಕಟ್ಟೋದಾ, ರೆಡಿ ತರೋದಾ?

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ. ಆಫೀಸ್ ಕ್ಯಾಬಲ್ಲೋ, ಲೋಕಲ್ ಟ್ರೇನಲ್ಲೋ ಕೂತು ಓದೋರಿಗೆ ಅನುಕೂಲ ಆಗ್ಲಿ ಅಂತ.

ಪುಣೆ, ಹೈದರಾಬಾದ್, ಚೆನ್ನೈ ಕಡೆಯಿಂದ ಪದೇ ಪದೇ ಬರೋ ಪ್ರಶ್ನೆ ಒಂದೇ. "ಸರ್, ನನ್ನ ಪಿಸಿ ಹಳೇದಾಯ್ತು, ಹೊಸ ಗೇಮ್ ಎಳೀತಾ ಇಲ್ಲ. ಅಪ್‌ಗ್ರೇಡ್ ಮಾಡ್ಲಾ, ಹೊಸದು ಬಿಲ್ಡ್ ಮಾಡ್ಲಾ, ಇಲ್ಲ ರೆಡಿ ಪಿಸಿನೇ ತಗೊಳ್ಲಾ?" ಪ್ರಶ್ನೆ ಜೊತೆಗೇ ಒಂದು ಗ್ರಾಫಿಕ್ಸ್ ಕಾರ್ಡ್ ಹೆಸರೂ ಇರುತ್ತೆ. ಅಂದ್ರೆ ಅರ್ಧ ತೀರ್ಮಾನ ಆಗಲೇ ಆಗಿದೆ, ನನ್ನಿಂದ ಒಂದು ಹೂಂ ಬೇಕು ಅಷ್ಟೇ.

ನಾನು ಹೂಂ ಅನ್ನೋಕೆ ಮುಂಚೆ ಎರಡು ಪ್ರಶ್ನೆ ಕೇಳ್ತೀನಿ. ಒಂದು, ನಿಮ್ಮ ಪಿಸಿ ಯಾವ ಭಾಗದಲ್ಲಿ ಸಿಕ್ಕಿಹಾಕ್ಕೊಂಡಿದೆ? ಎರಡು, ನೀವು ಈ ಊರಲ್ಲಿ, ಈ ಮನೇಲಿ ಇನ್ನೆಷ್ಟು ದಿನ ಇರ್ತೀರಿ? ಮೊದಲನೇದಕ್ಕೆ ಉತ್ತರ ಗೊತ್ತಿಲ್ದೆ ದುಡ್ಡು ಹಾಕಿದ್ರೆ ಅದು ತಪ್ಪು ಜಾಗಕ್ಕೆ ಹೋಗುತ್ತೆ. ಎರಡನೇದು ನಮ್ಮಂಥ ಊರು ಬಿಟ್ಟು ಬಂದೋರ ಪ್ರಶ್ನೆ. ಯೂಟ್ಯೂಬಲ್ಲಿರೋ ಇಂಗ್ಲಿಷ್ ರಿವ್ಯೂಗಳಲ್ಲಿ ಅದು ಬರೋದೇ ಇಲ್ಲ.

ಮೊದಲು ಖರ್ಚಿಲ್ಲದ ಕೆಲಸ

ನೆಗಡಿ ಬಂತು ಅಂತ ಮೂಗು ಕೊಯ್ಕೋಬಾರದು. ಅಂಗಡಿಗೆ ಹೋಗೋ ಮುಂಚೆ ಇಷ್ಟು ನೋಡಿ.

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಿದೆಯಾ? ಮದರ್‌ಬೋರ್ಡ್ ಪೋರ್ಟಿಗೆ ಚುಚ್ಚಿದ್ರೆ ಕಾರ್ಡ್ ಇದ್ದೂ ಕೆಲಸಕ್ಕೆ ಬರಲ್ಲ. 144 ಹರ್ಟ್ಸ್ ಮಾನಿಟರ್ ತಂದು, ವಿಂಡೋಸ್ ಸೆಟ್ಟಿಂಗಲ್ಲಿ 60ರಲ್ಲೇ ಬಿಟ್ಟಿರೋರು ಬೇಕಾದಷ್ಟು ಜನ ಇದ್ದಾರೆ. ರ‍್ಯಾಮ್ 3200 ವೇಗದ್ದು ಅಂತ ಬಿಲ್ಲಲ್ಲಿ ಇರುತ್ತೆ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದೆ ಇದ್ರೆ ಅದು 2133ರಲ್ಲೋ 2400ರಲ್ಲೋ ತೆವಳ್ತಾ ಇರುತ್ತೆ. ಕ್ಯಾಬಿನೆಟ್ ಒಳಗೆ ಧೂಳು ಕೂತಿದ್ರೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸ್ಕೊಳ್ಳುತ್ತೆ. ಹೈದರಾಬಾದಿನ ಮೇ ತಿಂಗಳಲ್ಲಿ ಏಸಿ ಇಲ್ಲದ ರೂಮಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. ಎಫ್‌ಎಸ್‌ಆರ್ ಅನ್ನೋ ಅಪ್‌ಸ್ಕೇಲಿಂಗ್ ಬೆಂಬಲ ಇರೋ ಗೇಮಲ್ಲಿ ಹಳೇ ಕಾರ್ಡಿಗೂ ಅದು ನಡೆಯುತ್ತೆ. ಆನ್ ಮಾಡಿ ನೋಡಿ.

ಇಷ್ಟಾದ ಮೇಲೂ ಸಮಾಧಾನ ಇಲ್ವಾ? ಎರಡು ನಿಮಿಷದ ಪರೀಕ್ಷೆ ಮಾಡಿ. ಗೇಮಲ್ಲಿ ರೆಸಲ್ಯೂಶನ್ 1080ಪಿ ಇದ್ದದ್ದನ್ನ 720ಪಿಗೆ ಇಳಿಸಿ, ಅದೇ ಜಾಗದಲ್ಲಿ ಎಫ್‌ಪಿಎಸ್ ನೋಡಿ. ಚೆನ್ನಾಗಿ ಏರಿದ್ರೆ ತಡೆ ಇರೋದು ಗ್ರಾಫಿಕ್ಸ್ ಕಾರ್ಡಲ್ಲಿ. ಇದ್ದಲ್ಲೇ ಇದ್ರೆ ತಡೆ ಪ್ರೊಸೆಸರ್ ಕಡೆ, ಕೆಲವೊಮ್ಮೆ ರ‍್ಯಾಮ್ ಕಡೆ. ಯಾಕೆ ಅಂದ್ರೆ ರೆಸಲ್ಯೂಶನ್ ಇಳಿಸಿದ್ರೆ ಕಾರ್ಡಿನ ಕೆಲಸ ಕಮ್ಮಿ ಆಗುತ್ತೆ, ಪ್ರೊಸೆಸರ್ ಕೆಲಸ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ 40% ಅಂತ ಕಂಡ್ರೆ ಅದು ಆರಾಮಾಗಿದೆ ಅಂದ್ಕೋಬೇಡಿ. ಒಂದು ಕೋರ್ ಪೂರ್ತಿ ತುಂಬಿ, ಉಳಿದವು ಖಾಲಿ ಕೂತಿದ್ರೂ ಸರಾಸರಿ ಕಮ್ಮಿನೇ ತೋರಿಸುತ್ತೆ.

ಎಫ್‌ಪಿಎಸ್ ಚೆನ್ನಾಗೇ ಇದ್ದು ನಡುವೆ ನಡುವೆ ಗೇಮ್ ತಡವರಿಸ್ತಾ ಇದ್ರೆ, ರ‍್ಯಾಮ್ ಸಾಲ್ತಾ ಇಲ್ವಾ, ಗೇಮ್ ಇನ್ನೂ ಹಾರ್ಡ್ ಡಿಸ್ಕಲ್ಲೇ ಇದೆಯಾ ಅಂತ ನೋಡಿ. ಸೈಬರ್‌ಪಂಕ್ 2077 ಗೇಮಿಗೆ 2023ರಿಂದ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಎಸ್‌ಎಸ್‌ಡಿ ಸೇರ್ಕೊಂಡಿದೆ.

ಅಪ್‌ಗ್ರೇಡ್ ಯಾವಾಗ ಲಾಭ?

ಇದನ್ನ ತೀರ್ಮಾನ ಮಾಡೋದು ಮದರ್‌ಬೋರ್ಡ್ ಸಾಕೆಟ್. ಎಎಂಡಿಯ ಎಎಂ4 ಸಾಕೆಟ್ ಬಂದದ್ದು 2016ರಲ್ಲಿ. ಆದ್ರೂ 2022ರಲ್ಲಿ ಬಂದ ರೈಜನ್ 5 5600, ರೈಜನ್ 7 5800ಎಕ್ಸ್3ಡಿ ಅದರಲ್ಲೇ ಕೂರುತ್ವೆ. ಬಿ450 ಬೋರ್ಡ್ ಇದ್ರೂ ಬಯಾಸ್ ಅಪ್‌ಡೇಟ್ ಮಾಡಿದ್ರೆ ಸಾಕು. ಇಂಟೆಲ್‌ನಲ್ಲಿ ಇಷ್ಟು ಉದ್ದದ ದಾರಿ ಸಿಗಲ್ಲ. 10 ಮತ್ತು 11ನೇ ಪೀಳಿಗೆಗೆ ಒಂದು ಸಾಕೆಟ್, 12ರಿಂದ 14ಕ್ಕೆ ಇನ್ನೊಂದು. ಅದಕ್ಕಿಂತ ಹಳೇ ಇಂಟೆಲ್ ಇದ್ರೆ ಪ್ರೊಸೆಸರ್ ಬದಲಾಯಿಸೋದು ಅಂದ್ರೆ ಬೋರ್ಡೂ ಬದಲು, ಬಹುಶಃ ರ‍್ಯಾಮೂ ಬದಲು.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಅಕ್ಕನ ಮಗ ಗಚ್ಚಿಬೌಲಿ ಕಡೆ ಕೆಲಸ ಮಾಡ್ತಾನೆ. 2025ರ ಮಳೆಗಾಲದಲ್ಲಿ ಫೋನ್ ಮಾಡಿದ. "ಮಾವ, ಒಂದು ಲಕ್ಷ ಹತ್ತು ಸಾವಿರದ್ದು ಲಿಸ್ಟ್ ಮಾಡಿದೀನಿ, 12 ತಿಂಗಳ ಇಎಂಐ. ನೋಡಿ ಹೇಳಿ." ಅದೇ ತಿಂಗಳು ಅವನು ಮನೆ ಬದಲಾಯಿಸೋನಿದ್ದ, ಹೊಸ ಮನೆಗೆ ಅಡ್ವಾನ್ಸ್ ಬೇರೆ ಕೊಡಬೇಕು. "ಲಿಸ್ಟ್ ಆಮೇಲೆ ನೋಡೋಣ ಕಣೋ, ಈಗಿರೋದ್ರಲ್ಲಿ ಏನಿದೆ ಹೇಳು" ಅಂದೆ.

ಇದ್ದದ್ದು 2019ರ ಪಿಸಿ. ರೈಜನ್ 5 2600, ಬಿ450 ಬೋರ್ಡ್, ಜಿಟಿಎಕ್ಸ್ 1660, 550 ವ್ಯಾಟ್ ಎಸ್‌ಎಂಪಿಎಸ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್. ವಿಂಡೋಸ್ ಚಿಕ್ಕ ಎಸ್‌ಎಸ್‌ಡಿಯಲ್ಲಿ, ಗೇಮ್ ಎಲ್ಲಾ ಹಾರ್ಡ್ ಡಿಸ್ಕಲ್ಲಿ. ದಿನಾ ಆಡೋದು ವ್ಯಾಲರಂಟ್, ವೀಕೆಂಡ್ ಸೈಬರ್‌ಪಂಕ್. ಪರೀಕ್ಷೆ ಮಾಡಿಸಿದೆ. ವ್ಯಾಲರಂಟಲ್ಲಿ ರೆಸಲ್ಯೂಶನ್ ಇಳಿಸಿದ್ರೂ ಎಫ್‌ಪಿಎಸ್ ಏರಲಿಲ್ಲ, ಅಂದ್ರೆ ಅಲ್ಲಿ ತಡೆ ಪ್ರೊಸೆಸರ್ ಮತ್ತೆ ಒಂಟಿ ಸ್ಟಿಕ್ ರ‍್ಯಾಮ್. ಸೈಬರ್‌ಪಂಕಲ್ಲಿ ಏರ್ತು, ಅಲ್ಲಿ ತಡೆ ಕಾರ್ಡ್. ಅವನ ಲಿಸ್ಟಲ್ಲಿ ಬೋರ್ಡು, ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು ಎಲ್ಲಾ ಹೊಸದಿತ್ತು. ಅವುಗಳಲ್ಲಿ ಒಂದೂ ಅವನನ್ನ ತಡೀತಾ ಇರಲಿಲ್ಲ.

ಮೊದಲ ಕಂತಲ್ಲಿ ಇನ್ನೊಂದು 8 ಜಿಬಿ ಸ್ಟಿಕ್, 1 ಟಿಬಿ ಎಸ್‌ಎಸ್‌ಡಿ, ರೈಜನ್ 5 5600 ತಗೊಂಡ. ಹತ್ತಿರ ಹತ್ತಿರ 17 ಸಾವಿರ ಆಯ್ತು. ಹಳೇ ಪ್ರೊಸೆಸರ್ ಬೋರ್ಡಲ್ಲಿ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಸಿದೆ. ಇದು ಮುಖ್ಯ. ತೆಗೆದು ಹೊಸದು ಕೂರಿಸಿದ ಮೇಲೆ ಎಷ್ಟೋ ಬೋರ್ಡ್‌ಗಳು ಆನ್ ಆಗೋದೇ ಇಲ್ಲ. ಅಡ್ವಾನ್ಸ್ ಕೊಟ್ಟು, ಮನೆ ಸೇರಿ, ದೀಪಾವಳಿ ಹೊತ್ತಿಗೆ ಆರ್‌ಟಿಎಕ್ಸ್ 4060 ತಂದ. ಅದಕ್ಕೆ ಬೇಕಾಗೋದು 115 ವ್ಯಾಟ್, ಹಳೇ ಎಸ್‌ಎಂಪಿಎಸ್ ಸಾಕಾಯ್ತು. ಇಎಂಐ ಇಲ್ಲದೆ, ಲಿಸ್ಟಿನ ಅರ್ಧ ದುಡ್ಡಿಗೂ ಕಮ್ಮಿಯಲ್ಲಿ ಮುಗೀತು.

ಅಪ್‌ಗ್ರೇಡ್ ಬೇಡ ಅನ್ನೋ ಸಂದರ್ಭನೂ ಇದೆ. ನಿಮ್ಮದು ಇಂಟೆಲ್ 7ನೇ ಪೀಳಿಗೆ ಅಥವಾ ಅದಕ್ಕಿಂತ ಹಳೇದು, ಇಲ್ಲ ಮೊದಲ ಪೀಳಿಗೆ ರೈಜನ್ ಅಂದ್ರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಬಹುತೇಕ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರೈಜನ್ ಆದ್ರೆ ಬೋರ್ಡ್ ತಯಾರಕರ ಪಟ್ಟಿ ನೋಡಿ, ಪ್ರೊಸೆಸರ್ ಒಂದನ್ನೇ ಬದಲಾಯಿಸಿ ಪಾರಾಗಬಹುದು. ಹಳೇ ಇಂಟೆಲ್ ಆದ್ರೆ ಅಂಥ ಬೋರ್ಡಿಗೆ ಮತ್ತೆ ದುಡ್ಡು ಸುರಿಯೋದು ಬೇಡ. ನನ್ನ ಲೆಕ್ಕ ಸರಳ. ಒಂದೋ ಎರಡೋ ಭಾಗ ಬದಲಾದ್ರೆ ಸಾಕು ಅಂದ್ರೆ ಅಪ್‌ಗ್ರೇಡ್. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಜೊತೆಗೆ ಕಾರ್ಡೂ ಹೋಗ್ಬೇಕು ಅಂದ್ರೆ ಅದು ಅಪ್‌ಗ್ರೇಡ್ ಅಲ್ಲ, ಹೊಸ ಪಿಸಿ.

ಹೊಸದು ಕಟ್ಟೋದಾದ್ರೆ

ಶುರು ಮಾಡೋದು ಮಾನಿಟರಿಂದ. 1080ಪಿ ಅಂದ್ರೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಅಂದ್ರೆ 36.9 ಲಕ್ಷ, 4ಕೆ ಅಂದ್ರೆ ಸುಮಾರು 83 ಲಕ್ಷ. ಕಾರ್ಡ್ ಪ್ರತಿ ಫ್ರೇಮಿಗೂ ಅಷ್ಟನ್ನ ಬರೀಬೇಕು. ಮಾನಿಟರ್ 1080ಪಿಯದ್ದೇ ಇಟ್ಕೊಂಡು 4ಕೆ ಕಾರ್ಡ್ ತಂದ್ರೆ ದುಡ್ಡು ಸುಮ್ನೆ ಕೂತಿರುತ್ತೆ. 1440ಪಿ ಬೇಕು ಅನ್ನೋರು 8 ಜಿಬಿ ಮೆಮೊರಿ ಕಾರ್ಡಿಗಿಂತ 12 ಅಥವಾ 16 ಜಿಬಿ ಇರೋದನ್ನ ನೋಡಿ.

ಸಾಕೆಟ್ ವಿಷಯದಲ್ಲಿ ಎಎಂಡಿಯ ಎಎಂ5 ಈಗ ಒಳ್ಳೇ ದಾರಿ, ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸ್ಕೊಂಡು ಹೋಗಬಹುದು. ಆದ್ರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಜಾಸ್ತಿಯಾಗಿ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಕ್ರೂಷಿಯಲ್ ಹೆಸರಲ್ಲಿ ನಮ್ಮಂಥೋರಿಗೆ ಮಾರ್ತಿದ್ದ ವ್ಯವಹಾರವನ್ನ ಬಿಡ್ತೀವಿ ಅಂತ ಮೈಕ್ರಾನ್ ಕಂಪನಿ ಅದೇ ಡಿಸೆಂಬರಲ್ಲಿ ಹೇಳಿತು. ಹಾಗಾಗಿ ಹಳೇ ವಿಡಿಯೋ ನೋಡಿ ಬಜೆಟ್ ಹಾಕಬೇಡಿ, ಅವತ್ತಿನ ಬೆಲೆ ಕೇಳಿ. ನಿಮ್ಮ ಹತ್ರ ಇರೋ ಡಿಡಿಆರ್4 ರ‍್ಯಾಮಿಗೆ ಈಗ ಹೆಚ್ಚು ಬೆಲೆ ಇದೆ ಅನ್ನೋದೂ ಅಪ್‌ಗ್ರೇಡ್ ಕಡೆಗೇ ವಾಲೋ ಕಾರಣ.

ನಮ್ಮೋರು ಉಳಿಸೋಕೆ ನೋಡೋದು ಎಸ್‌ಎಂಪಿಎಸ್‌ನಲ್ಲಿ. ಅಲ್ಲಿ ಉಳಿಸಬೇಡಿ. ಅದು ಕೆಟ್ಟರೆ ಜೊತೆಯವರನ್ನೂ ಕರ್ಕೊಂಡು ಹೋಗಬಹುದು. ಉಳಿಸೋದಿದ್ರೆ ಬಣ್ಣದ ದೀಪದಲ್ಲಿ, ಗಾಜಿನ ಕ್ಯಾಬಿನೆಟ್ಟಲ್ಲಿ ಉಳಿಸಿ.

ಬೆಂಗಳೂರಲ್ಲಿ ಎಸ್‌ಪಿ ರೋಡ್ ಇದ್ದ ಹಾಗೆ ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್, ದಿಲ್ಲಿಗೆ ನೆಹರು ಪ್ಲೇಸ್, ಸಿಕಂದರಾಬಾದಿಗೆ ಸಿಟಿಸಿ ಅಂತ ಕರೆಯೋ ಚಿನಾಯ್ ಟ್ರೇಡ್ ಸೆಂಟರ್. ಮೂರ್ನಾಲ್ಕು ಅಂಗಡಿಯಲ್ಲಿ ಕೊಟೇಶನ್ ತಗೊಳ್ಳಿ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು ಬರೆಸಿ. ಜಿಎಸ್‌ಟಿ ಬಿಲ್ ಇಲ್ಲದೆ ಸ್ವಲ್ಪ ಕಮ್ಮಿ ಮಾಡ್ತೀನಿ ಅಂದ್ರೆ ಒಪ್ಪಬೇಡಿ. ನಾಳೆ ನೀವು ಬೇರೆ ಊರಿಗೆ ಹೋದಾಗ ಆ ಅಂಗಡಿ ನಿಮ್ಮ ಜೊತೆ ಬರಲ್ಲ, ಬಿಲ್ಲು ಬರುತ್ತೆ. ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಊರಲ್ಲಿ ಇದೆಯಾ ಅಂತಾನೂ ಮೊದಲೇ ನೋಡ್ಕೊಳ್ಳಿ.

ರೆಡಿ ಪಿಸಿ, ಲ್ಯಾಪ್‌ಟಾಪ್

ರೆಡಿ ಪಿಸಿ ತಗೊಳ್ಳೋದ್ರಲ್ಲಿ ಅವಮಾನ ಏನಿಲ್ಲ. ಟೈಮ್ ಇಲ್ಲದೋರಿಗೆ, ಇಡೀ ಪಿಸಿಗೆ ಒಂದೇ ವಾರಂಟಿ ಇರಲಿ ಅನ್ನೋರಿಗೆ ಅದು ಸರಿ. ಕೆಲವು ಬ್ರ್ಯಾಂಡ್ ಪಿಸಿಗಳಲ್ಲಿ ಬೋರ್ಡು, ಎಸ್‌ಎಂಪಿಎಸ್ಸು ಅವರದೇ ಅಳತೆಯದ್ದು, ಮಾರ್ಕೆಟ್ಟಲ್ಲಿ ಸಿಗೋದು ಕೂರಲ್ಲ. ಆ ಒಂದು ವಿಷಯ ಕೇಳಿ ತಿಳ್ಕೊಳ್ಳಿ. "ಐ7 ಗೇಮಿಂಗ್ ಪಿಸಿ" ಅಂತ ಅಗ್ಗಕ್ಕೆ ಕಂಡ್ರೆ ಎಷ್ಟನೇ ಪೀಳಿಗೆ ಅಂತ ಕೇಳಿ. 4ನೇ ಪೀಳಿಗೆ ಐ7 ಬಂದದ್ದು 2013ರಲ್ಲಿ.

ಲ್ಯಾಪ್‌ಟಾಪಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ. ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4070ಗೆ 12 ಜಿಬಿ ಮೆಮೊರಿ, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ 8 ಜಿಬಿ. ಒಂದೇ ಹೆಸರಿನ ಚಿಪ್ ಒಂದು ಲ್ಯಾಪ್‌ಟಾಪಲ್ಲಿ ಹೆಚ್ಚು ವ್ಯಾಟಲ್ಲಿ, ಇನ್ನೊಂದರಲ್ಲಿ ತೀರಾ ಕಮ್ಮಿ ವ್ಯಾಟಲ್ಲಿ ಓಡುತ್ತೆ. ಟಿಜಿಪಿ ಅನ್ನೋ ಸಂಖ್ಯೆ ಹುಡುಕಿ ನೋಡಿ. ಹಾಗಿದ್ರೂ ಪಿಜಿಯಲ್ಲಿ ಇರೋರು, ಪ್ರಾಜೆಕ್ಟ್ ಬದಲಾದಾಗೆಲ್ಲ ಊರು ಬದಲಾಯಿಸೋರು, ಹಬ್ಬಕ್ಕೆ ರಾತ್ರಿ ಬಸ್ಸಲ್ಲಿ ಊರಿಗೆ ಹೋಗಿ ಬರೋರು ಲ್ಯಾಪ್‌ಟಾಪ್ ತಗೊಂಡ್ರೆ ಅದು ತಪ್ಪು ಲೆಕ್ಕ ಅಲ್ಲ. ಆಡೋಕೆ ಸಿಗದ ಡೆಸ್ಕ್‌ಟಾಪಿಗಿಂತ ಕೈಲಿರೋ ಲ್ಯಾಪ್‌ಟಾಪ್ ಮೇಲು.

ಲೆಕ್ಕಕ್ಕೆ ಸೇರದ ಖರ್ಚುಗಳು

ಯುಪಿಎಸ್ ನೋಡಿ. 600 ವಿಎ ಅಂತ ಡಬ್ಬದ ಮೇಲೆ ಬರೆದಿದ್ರೆ ಸಾಮಾನ್ಯವಾಗಿ ಅದು ಕೊಡೋದು 360 ವ್ಯಾಟ್. ಪಿಸಿ ಜೊತೆಗೆ ಮಾನಿಟರೂ ಅದರಲ್ಲೇ ನಡೀಬೇಕು.

ಮನೆ ಬದಲಾಯಿಸುವಾಗ ಪ್ಯಾಕರ್ಸ್‌ನವರ ಕೈಗೆ ಪಿಸಿ ಹಾಗೇ ಕೊಡಬೇಡಿ. ಭಾರದ ಗ್ರಾಫಿಕ್ಸ್ ಕಾರ್ಡನ್ನ ಬಿಚ್ಚಿ ಬೇರೆ ಡಬ್ಬದಲ್ಲಿ ಇಡಿ, ಲಾರಿ ಕುಲುಕಾಟಕ್ಕೆ ಬೋರ್ಡಿನ ಸ್ಲಾಟ್ ಮುರಿಯಬಹುದು. ಅದಕ್ಕೇ ಖಾಲಿ ಡಬ್ಬ, ಒಳಗಿನ ಫೋಮ್ ಎಸೀಬೇಡಿ.

ಇನ್ನು ನೋ ಕಾಸ್ಟ್ ಇಎಂಐ. ಬ್ಯಾಂಕ್ ಬಡ್ಡಿ ಹಾಕೇ ಹಾಕುತ್ತೆ, ಅಷ್ಟನ್ನ ಮಾರೋರು ಬೆಲೆಯಲ್ಲಿ ಕಳೀತಾರೆ. ಬಡ್ಡಿ ಮೇಲಿನ 18% ಜಿಎಸ್‌ಟಿ ನಿಮ್ಮದೇ, ಪ್ರೊಸೆಸಿಂಗ್ ಫೀ ಇದ್ರೆ ಅದೂ ನಿಮ್ಮದೇ. ನಗದು ಕೊಟ್ರೆ ಸಿಗ್ತಿದ್ದ ರಿಯಾಯ್ತಿ ಕೈ ತಪ್ಪುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಗ್ರಾಫಿಕ್ಸ್ ಕಾರ್ಡಿಗೂ ಸರಿಹೋಗುತ್ತೆ.

ಹಾಗಾದ್ರೆ ಕೊನೇ ಮಾತು. ಸಾಕೆಟ್ಟಿಗೆ ಇನ್ನೂ ಜೀವ ಇದೆ, ತಡೆ ಒಂದೆರಡು ಕಡೆ ಇದೆ ಅಂದ್ರೆ ಅಪ್‌ಗ್ರೇಡ್ ಮಾಡಿ. ಬೋರ್ಡೇ ಮುದಿಯಾಗಿದೆ, ಒಂದೇ ಮನೇಲಿ ಎರಡು ಮೂರು ವರ್ಷ ಇರ್ತೀರಿ ಅಂದ್ರೆ ಕಟ್ಟಿ. ಟೈಮ್ ಇಲ್ಲ ಅಂದ್ರೆ ರೆಡಿ ತಗೊಳ್ಳಿ, ಕಾಲು ನಿಲ್ಲಲ್ಲ ಅಂದ್ರೆ ಲ್ಯಾಪ್‌ಟಾಪ್. ಯಾವುದೇ ಆದ್ರೂ ಇವತ್ತು ರಾತ್ರಿ ಕಾರ್ಟಿಗೆ ಹಾಕೋ ಮುಂಚೆ ಆ 720ಪಿ ಪರೀಕ್ಷೆ ಒಂದು ಮಾಡಿ ನೋಡಿ. ಮುಂದಿನ ವಾರ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ನೋಡಿ ತಗೊಳ್ಳೋದು ಹೇಗೆ ಅಂತ ಮಾತಾಡೋಣ.