ಪುಕ್ಕಲುತನ ರಕ್ತದಲ್ಲೇ ಬರುತ್ತದೆಯೇ?

ನಾಲ್ಕು ತಿಂಗಳ ಕೂಸಿನ ಕಣ್ಣೆದುರು ಬಣ್ಣದ ಗೊಂಬೆಗಳನ್ನು ತೂಗಾಡಿಸಿ, ಅಪರಿಚಿತ ದನಿ ಕೇಳಿಸಿ, ಅದು ಏನು ಮಾಡುತ್ತದೆಂದು ನೋಡುವುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಅವರ ಪ್ರಯೋಗ ಇಷ್ಟು ಸರಳ. ಸುಮಾರು ಐದರಲ್ಲೊಂದು ಕೂಸು ಕೈಕಾಲು ಬಡಿದು, ಬೆನ್ನು ಬಿಲ್ಲಿನಂತೆ ಬಾಗಿಸಿ ಅತ್ತಿತು. ಎರಡು ವರ್ಷವಾಗುವಾಗ ಹೊಸಬರನ್ನು ಕಂಡು ಅಮ್ಮನ ಹಿಂದೆ ಅವಿತುಕೊಂಡವರಲ್ಲಿ ಇಂಥವರೇ ಹೆಚ್ಚು. ನಾಲ್ಕು ತಿಂಗಳೆಂದರೆ ಇನ್ನೂ ಯಾರೂ ಗುಮ್ಮನ ಹೆಸರು ಹೇಳಿ ಹೆದರಿಸದ ವಯಸ್ಸು!

ಮಿದುಳಿನಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವಿದೆ. ಎದುರಿಗಿರುವುದು ಅಪಾಯವೇ ಎಂದು ಮೊದಲು ಎಚ್ಚರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಎರಡರ ವಯಸ್ಸಿನಲ್ಲಿ ಅಳುಕುತ್ತಿದ್ದವರನ್ನು ಇಪ್ಪತ್ತು ದಾಟಿದ ಮೇಲೆ ಸ್ಕ್ಯಾನ್ ಮಾಡಿದಾಗಲೂ, ಹೊಸ ಮುಖ ಕಂಡರೆ ಅವರ ಅಮಿಗ್ಡಲ ಉಳಿದವರದ್ದಕ್ಕಿಂತ ಜೋರಾಗಿ ಮಿಡಿಯುತ್ತಿತ್ತು. 2003ರಲ್ಲಿ ಪ್ರಕಟವಾದ ಫಲಿತಾಂಶವಿದು. ಅಂದರೆ ಹುಟ್ಟಿನಿಂದ ಬರುವುದು ನಾಯಿಯ ಭಯವೋ ಶಾಲೆಯ ಭಯವೋ ಅಲ್ಲ, ಬೇಗ ಬೆಚ್ಚುವ ಸ್ವಭಾವ.

ಇದರಲ್ಲಿ ಜೀನ್‌ಗಳ ಪಾಲೆಷ್ಟು? ತದ್ರೂಪಿ ಅವಳಿಗಳನ್ನೂ ಸಾಮಾನ್ಯ ಅವಳಿಗಳನ್ನೂ ಹೋಲಿಸಿ ಮಾಡಿದ ಹಲವು ಅಧ್ಯಯನಗಳು ಶೇಕಡಾ 30ರಿಂದ 50ರ ಆಸುಪಾಸು ಎನ್ನುತ್ತವೆ. ಎಡವುವುದು ಇಲ್ಲೇ. ಇದು ಬಹಳಷ್ಟು ಮಕ್ಕಳ ನಡುವಿನ ವ್ಯತ್ಯಾಸದ ಲೆಕ್ಕ. ಒಂದು ಮಗುವಿನ ಭಯದಲ್ಲಿ ಅಪ್ಪನ ಕಡೆಯದೆಷ್ಟು, ಅಮ್ಮನ ಕಡೆಯದೆಷ್ಟು ಎಂದು ಜಗಳವಾಡಲು ಬರುವ ಲೆಕ್ಕವಲ್ಲ. 'ಆತಂಕದ ಜೀನ್' ಎಂಬ ಒಂದೇ ಜೀನ್ ಕೂಡ ಇಲ್ಲ. 1996ರಲ್ಲಿ ಸೆರಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ ಜೀನೊಂದು ಭಾರೀ ಹೆಸರು ಮಾಡಿತ್ತು. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಆ ಹೆಸರು ಉಳಿಯಲಿಲ್ಲ. ನೂರಾರು ಜೀನ್‌ಗಳು ಒಂದೊಂದು ಚಿಟಿಕೆ ಸೇರಿಸುತ್ತವೆ, ಅಷ್ಟೇ.

ಸ್ವೀಡನ್‌ನ ಅವಳಿಗಳ ಕುಟುಂಬಗಳಿಂದ 2015ರಲ್ಲಿ ಬಂದ ಸುದ್ದಿ ನನಗೆ ಇನ್ನೂ ಮುಖ್ಯ. ಅಮ್ಮ, ಚಿಕ್ಕಮ್ಮ ತದ್ರೂಪಿ ಅವಳಿಗಳಾದರೆ ಜೀನ್ ಲೆಕ್ಕದಲ್ಲಿ ಮಗುವಿಗೆ ಇಬ್ಬರೂ ಒಂದೇ. ಆದರೆ ಹದಿಹರೆಯದ ಮಕ್ಕಳ ಆತಂಕಕ್ಕೆ ನಂಟು ಕಂಡದ್ದು ಜೊತೆಗಿದ್ದು ಸಾಕಿದವರ ಆತಂಕದೊಂದಿಗೆ.

ದಾರಿ ತೆರೆಯುವುದೂ ಇಲ್ಲೇ. ಮಗು ಹೆದರಿದಾಗ "ಬೇಡ ಬಿಡು, ಹೋಗೋದೇ ಬೇಡ" ಎಂದರೆ ಆ ಗಳಿಗೆಗೆ ನೆಮ್ಮದಿ. ಮುಂದಿನ ಸಲ ಭಯ ಇಮ್ಮಡಿ. ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಲಿ ಲೆಬೊವಿಟ್ಜ್ ಹೀಗೆ ತಪ್ಪಿಸುವುದನ್ನು ಮೆಲ್ಲಮೆಲ್ಲನೆ ಬಿಡಲು ಹೆತ್ತವರಿಗಷ್ಟೇ ತರಬೇತಿ ಕೊಟ್ಟರು. ಮಕ್ಕಳು ಚಿಕಿತ್ಸಕರ ಬಳಿ ಹೋಗಲೇ ಇಲ್ಲ. ಆದರೂ ಮಕ್ಕಳಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಗುಣ ಕಂಡಿತು.